ಬೀಗದ ತನುಜಾ

ಹಾನಗಲ್ ಬಸ್ ನಿಲ್ದಾಣದ ಎದುರು ಮೊಬೈಲ್ ಅಂಗಡಿ ಇಟ್ಟಿರುವ ತನುಜಾಳ ಕೈಗೆ ಯಾರ ಫೋನು ಬಂದರೂ, ಕಣ್ಣು ಮೊದಲು ಹೋಗುವುದು ಅದರಲ್ಲಿ ತೆರೆದಿರುವ ಜಾಲಪುಟದ ಮೇಲಿನ ವಿಳಾಸದ ಸಾಲಿಗೆ. "ಬೀಗದ ಗುರುತು ಐತೇನ್ರಿ? ಬೀಗ ಇದ್ದರ ನೀವು ಬರದದ್ದನ್ನ ಹಾದ್ಯಾಗ ಯಾರೂ ಓದಂಗಿಲ್ಲ. ಆದ್ರ ಹೊಕ್ಕ ಮನಿ ಖರೇದ ಹೌದಿಲ್ಲೋ, ಹೆಸರೂ ಓದ್ರಿ," ಎಂಬ ಪಾಠ ಸಾವ್ಕಾರರಿಗೂ ಅದೇ, ಕಾಯಿಪಲ್ಲೆ ಮಾರುವವರಿಗೂ ಅದೇ. ಯಾರಾದರೂ ಪಾಸ್‌ವರ್ಡ್ ಬಾಯಿಬಿಟ್ಟು ಹೇಳಹೊರಟರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾಳೆ. ಕೌದಿ ಹೊಲಿಯುವ ಉಡಚವ್ವ ಒಂದು ಸುಳ್ಳು ಪುಟವನ್ನು ನಂಬಿ ಪಾಸ್‌ವರ್ಡ್ ಕೊಟ್ಟು ತನ್ನ ಸಾಮಾಜಿಕ ಜಾಲತಾಣದ ಖಾತೆ ಕಳೆದುಕೊಂಡಿದ್ದಳು. ಕದ್ದವರು ಆಕೆಯ ಹೆಸರಿನಲ್ಲಿ ಊರಮಂದಿಗೆಲ್ಲ ಹೊಲಸು ಮಾತು ಬರೆದಿದ್ದರು. ಎರಡು ದಿನ ಕೂತು ತನುಜಾ ಆ ಖಾತೆಯನ್ನು ಬಿಡಿಸಿ ತಂದಾಗ ಉಡಚವ್ವನಿಗೆ ದೇವರನ್ನೇ ಕಂಡಂತಾಯಿತು. "ಹೊಸಾ ಪಾಸ್‌ವರ್ಡ್ ನೀನ ಇಡು ತಂಗಿ, ನನಗೇನ್ ತಿಳೀತೈತಿ," ಎಂದಳು. "ಬ್ಯಾಡ್ರಿ ಅವ್ವಾರ, ನೀವ ಇಡ್ರಿ. ಅದು ನನಗೂ ಗೊತ್ತಾಗಬಾರದು," ಎಂದ ತನುಜಾ ಗೋಡೆಗೆ ಮುಖ ಮಾಡಿ ನಿಂತಳು. ಉಡಚವ್ವ ಒಂದೊಂದೇ ಅಕ್ಷರ ಹುಡುಕಿ ಒತ್ತಲು ಅರ್ಧ ತಾಸು ಹಿಡಿಯಿತು. ಗಿರಾಕಿಗಳು ಗೊಣಗಿದರೂ ತನುಜಾ ತಿರುಗಲಿಲ್ಲ. ಅರವತ್ತು ವರ್ಷ ತನ್ನದೆಂಬ ಪೆಟ್ಟಿಗೆಯೂ ಇಲ್ಲದೆ, ಮನೆಯವರ, ಓಣಿಯವರ ಕಣ್ಣೆದುರೇ ಬಾಳಿದ ತನಗೆ, ಈಗ ತನಗೊಬ್ಬಳಿಗೇ ಗೊತ್ತಿರುವ ಮಾತೊಂದು ಇದೆಯೆಂದು ಉಡಚವ್ವ ಬೆರಗಾಗಿ ಕುಳಿತಳು.