ಕಾಲು ನಿಲ್ಲುವ ತುದಿ

ನಮ್ಮಕ್ಕ ಬಟ್ಟೆ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸದವಳು. ಹೊಲಿದು ಬಂದ ಅಂಗಿಯನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವುದೇ ಅವಳ ಹೊಟ್ಟೆಪಾಡು. ಗೇಟು ದಾಟಿ ಮನೆಗೆ ಬಂದ ಮೇಲೂ ಆ ಕಣ್ಣಿಗೆ ಬಿಡುವಿರಲಿಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ, ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ.

ಅವಳ ಮಗಳು ಕಪ್ಪೆ. ಚಿಕ್ಕವಳಿದ್ದಾಗ ಈಜುಕೊಳಕ್ಕೆ ಇಳಿದರೆ ಮೇಲೆ ಬರಲು ಒಪ್ಪುತ್ತಿರಲಿಲ್ಲ, ಹಾಗಾಗಿ ಮನೆಮಂದಿಗೆಲ್ಲ ಕಪ್ಪೆಯೇ. ನೀರಿನಲ್ಲಿ ಈಜುತ್ತ ಆಡುವ ಚೆಂಡಾಟ ವಾಟರ್ ಪೋಲೊದಲ್ಲಿ ಗೋಲ್‌ಕೀಪರ್. ಚೆಂಡು ಮೂಗಿನ ನೇರಕ್ಕೆ ಬಂದರೂ ಕಣ್ಣು ಮಿಟುಕಿಸುತ್ತಿರಲಿಲ್ಲ. ಅವಳಿಗಿದ್ದದ್ದು ಒಂದೇ ಆಸೆ, ದೊಡ್ಡ ಊರಿನ ಕಾಲೇಜು ತಂಡಕ್ಕೆ ಸೇರಿ ಆಟದ ಕೋಟಾ ಸೀಟಿನಲ್ಲೇ ಓದುವುದು. ಆ ತಂಡ ವರ್ಷಕ್ಕೆ ಒಬ್ಬಳೇ ಗೋಲ್‌ಕೀಪರನ್ನು ತೆಗೆದುಕೊಳ್ಳುತ್ತಿತ್ತು.

ನಮ್ಮ ಕೊಳದ ಒಂದು ತುದಿ ಆಳ, ಇನ್ನೊಂದು ತುದಿಯಲ್ಲಿ ಎದೆಮಟ್ಟದ ನೀರು. ಈ ಆಟದಲ್ಲಿ ಗೋಲ್‌ಕೀಪರ್ ಮಾತ್ರ ನೆಲಕ್ಕೆ ಕಾಲೂರಿ ನೆಗೆಯಬಹುದು. ಆದರೆ ಕೋಚ್ ಅಭ್ಯಾಸದಲ್ಲಿ ದಿನವೂ ಕಪ್ಪೆಯನ್ನು ಆಳದ ಕಡೆಗೇ ಅಟ್ಟುತ್ತಿದ್ದ. ಕಾಲು ನಿಲ್ಲುವ ಕಡೆಯ ಗೋಲ್‌ಕೀಪರ್ ಅವನ ಅಣ್ಣನ ಮಗಳು. ನೋಡುವವರ ಮೆಟ್ಟಿಲೂ ಆ ಕಡೆಯೇ. ಅವಳು ಎಗರಿ ಚೆಂಡು ತಡೆದಾಗೆಲ್ಲ ಚಪ್ಪಾಳೆ. ಕಪ್ಪೆ ಅತ್ತ ನೀರು ತುಳಿಯುತ್ತ ಏದುಸಿರು ಬಿಡುತ್ತಿದ್ದಳು.

"ಇದ್ರಲ್ಲಿ ಏನೋ ಇದೆ ಕಣೇ," ಅಂದಳು ಅಕ್ಕ. "ಬೆಳ್ಳಗಿರೋದೆಲ್ಲ ಹಾಲಲ್ಲ."

ನಾನು ತಲೆಯಾಡಿಸಿದೆ. ಅಕ್ಕನ ಎದುರು ನಾಲಿಗೆ ಆಡಿಸುವ ಧೈರ್ಯ ನನಗಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಅಕ್ಕ ಕೋಚನ್ನು ಅಡ್ಡಗಟ್ಟಿದಳು. "ನಿಮ್ಮ ಹುಡುಗಿಗೆ ಸುಖ, ನಮ್ಮ ಹುಡುಗಿಗೆ ಕಷ್ಟ. ಯಾಕೆ ಸಾರ್?"

"ಆಳದಲ್ಲಿ ನಿಂತ್ರೆ ಕಾಲಿಗೆ ಬಲ ಬರತ್ತಮ್ಮ," ಅಂದ ಆತ, ತನ್ನ ಚಪ್ಪಲಿ ನೋಡುತ್ತ.

ಚಪ್ಪಲಿ ನೋಡಿದ್ದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅಕ್ಕ ಕ್ಲಬ್ಬಿನ ಕಾರ್ಯದರ್ಶಿಯ ತನಕ ದೂರು ಒಯ್ದಳು. ವಾರದೊಳಗೆ ಇಬ್ಬರು ಹುಡುಗಿಯರ ತುದಿಗಳು ಅದಲುಬದಲಾದವು. "ಬೇಡಮ್ಮ, ನಂಗೆ ಅಲ್ಲೇ ಸರಿ," ಅಂದಳು ಕಪ್ಪೆ. ಕೋಚೇ ಅವಳ ತಲೆ ಕೆಡಿಸಿದ್ದಾನೆ ಎಂಬುದಕ್ಕೆ ಅಕ್ಕನಿಗೆ ಅದೂ ಒಂದು ಸಾಕ್ಷಿ.

ಇಡೀ ವರ್ಷ ಕಪ್ಪೆ ನೆಲ ಒದ್ದು ಎಗರಿದಳು, ಚಪ್ಪಾಳೆಯೂ ಬಂತು. ಆಳದಲ್ಲಿ ಒದ್ದಾಡುವ ಇನ್ನೊಬ್ಬಳನ್ನು ನೋಡಿ ಅಕ್ಕ ಮೆಟ್ಟಿಲ ಮೇಲೆ ಕೂತು, "ಈಗ ಗೊತ್ತಾಗ್ಲಿ," ಅನ್ನುತ್ತಿದ್ದಳು.

ಆಯ್ಕೆಯ ದಿನ ಕಾಲೇಜಿನ ಕೊಳ ನೋಡಿದೆವು. ಎಲ್ಲೂ ಕಾಲಿಗೆ ನೆಲ ಸಿಗದಷ್ಟು ಆಳ. ಕಪ್ಪೆ ಮೊದಮೊದಲು ಚೆನ್ನಾಗಿಯೇ ತಡೆದಳು. ಆಮೇಲೆ ಭುಜ ಮುಳುಗಿತು, ಗದ್ದ ಮುಳುಗಿತು, ಚೆಂಡುಗಳು ತಲೆಯ ಮೇಲಿಂದ ಹೋದವು. ಕೋಚಿನ ಅಣ್ಣನ ಮಗಳು ಕೊನೆಯವರೆಗೂ ನೀರು ತುಳಿಯುತ್ತಲೇ ಎದೆಯೆತ್ತಿ ನಿಂತಳು. ಸೀಟು ಅವಳಿಗಾಯಿತು. ನನಗೆ ಅಕ್ಕನ ಮೇಲೆ ಕೆಟ್ಟ ಸಿಟ್ಟು ಬಂತು.

"ಎಲ್ಲಾ ಮೊದ್ಲೇ ಮಾತಾಡ್ಕೊಂಡಿದಾರೆ," ಅಂದಳು ಅಕ್ಕ, ವಾಪಸು ಬರುವ ಬಸ್ಸಿನಲ್ಲಿ.

ಕಪ್ಪೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಮುಂದಿನ ವರ್ಷ ಮತ್ತೆ ಬರ್ತೀನಿ. ನಾಳೆಯಿಂದ ಆಳದ ಕಡೆಗೇ ನಿಲ್ತೀನಿ. ನೀನು ಕೊಳದ ಹತ್ರ ಬರ್ಬೇಡಮ್ಮ."

ಮಗಳಿಗೆ ನಿದ್ದೆ ಹತ್ತಿದ ಮೇಲೆ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು: "ಇದನ್ನೆಲ್ಲ ನೀನೇನಾದ್ರೂ ಹೇಳ್ಕೊಟ್ಯಾ?"