ಗುರುಶಾಂತಮ್ಮನವರ ಎರಡು ಚುಕ್ಕೆಗಳು

ಹಳೆಯ ಪ್ರಯೋಗವೊಂದರ ಬಗ್ಗೆ ಕೇಳಿ ನಾನು ಬರೆದ ಎರಡು ಕಾರ್ಡುಗಳಿಗೆ ಉತ್ತರ ಬರಲಿಲ್ಲ. ಮೂರನೆಯದಕ್ಕೆ ಶಿವನಿ ಎಂಬ ಊರಿನಿಂದ ಗುರುಶಾಂತಮ್ಮನವರೇ ಬರೆದರು: ‘ಬುಧವಾರ ಬೆಳಗಿನ ರೈಲಿಗೆ ಬನ್ನಿ, ಬಿಡುವಾಗಿರುತ್ತೇನೆ.’ ಹೀಗೆ ೧೯೮೮ರ ಜೂನ್‌ನಲ್ಲಿ ನಮ್ಮ ಮೊದಲ ಮಾತುಕತೆ ನಡೆಯಿತು.

ಗಂಡ ತೀರಿಕೊಂಡ ಮೇಲೆ, ೧೯೭೯ರಲ್ಲಿ, ಅವರು ತರೀಕೆರೆಯ ಕಾಲೇಜೊಂದರ ಪ್ರಯೋಗಾಲಯಕ್ಕೆ ಹಂಗಾಮಿ ಅಟೆಂಡರ್ ಆಗಿ ಸೇರಿದರು. ಸಿಂಗಟಗೆರೆಯ ತವರಿನ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯ ತಿಪ್ಪೆಗೆ ಕುದಿಯುವ ಕಬ್ಬಿನಹಾಲಿನ ಮೇಲಿಂದ ತೆಗೆದ ಕೊಳೆಯನ್ನು ಸುರಿಯುತ್ತಿದ್ದರು. ಕೈಯಿಡಲಾಗದ ಬಿಸಿ, ಮೂಗಿಗೆ ಹುಳಿ. ಆದರೂ ಸಿಪ್ಪೆ ಬೇಗ ಕರಗುತ್ತಿತ್ತು. ಆ ತಿಪ್ಪೆಯಿಂದ ಒಸರುವ ರಸವನ್ನು ಕಾಫಿ ಫ್ಲಾಸ್ಕಿನಲ್ಲಿ ಪ್ರಯೋಗಾಲಯಕ್ಕೆ ತಂದುಕೊಟ್ಟವರು ಅವರೇ. ಅದರಲ್ಲಿ ಅರವತ್ತು ಡಿಗ್ರಿಯ ಹುಳಿನೀರಲ್ಲೂ ಬೆಳೆಯುವ ಬ್ಯಾಕ್ಟೀರಿಯ ಸಿಕ್ಕಿತು.

ಅಧ್ಯಾಪಕ ಓಂಕಾರಮೂರ್ತಿಯವರು ಅದಕ್ಕೆ ಎರಡು ಸಕ್ಕರೆ ಹಾಕಿಸಿದರು: ಗ್ಲೂಕೋಸ್, ಮತ್ತು ಸಿಪ್ಪೆಯ ನಾರಿನಲ್ಲಿರುವ ಕ್ಸೈಲೋಸ್. ಗಂಟೆಗೊಮ್ಮೆ ಒಂದು ಟ್ಯೂಬಿಗೆ ಸ್ವಲ್ಪ ತೆಗೆದಿಟ್ಟು, ಅದರ ಒಂದು ಹನಿಯನ್ನು ಕಾಗದದ ಮೇಲೆ ಹರಿಸಿ ಬಣ್ಣ ಬರಿಸಿದರೆ, ಇನ್ನೂ ಉಳಿದಿರುವ ಒಂದೊಂದು ಸಕ್ಕರೆಗೆ ಒಂದೊಂದು ಕಂದುಚುಕ್ಕೆ ಮೂಡುತ್ತಿತ್ತು. ಪಠ್ಯದ ಪ್ರಕಾರ ಗ್ಲೂಕೋಸ್ ಪೂರ್ತಿ ಮುಗಿದ ಮೇಲೆಯೇ ಬ್ಯಾಕ್ಟೀರಿಯ ಕ್ಸೈಲೋಸಿಗೆ ಬಾಯಿ ಹಾಕಬೇಕು. ಆದರೆ ಗುರುಶಾಂತಮ್ಮನವರ ಕಾಗದದಲ್ಲಿ ಎರಡೂ ಚುಕ್ಕೆ ಒಟ್ಟಿಗೇ ಮಾಸಿದ್ದವು.

“ಬೇರೆ ಬೇರೆ ಗಂಟೆಯ ಟ್ಯೂಬು ಬೆರೆಸಿಬಿಟ್ಟಿದೀರಿ ಕಣ್ರೀ,” ಎಂದರು ಅಧ್ಯಾಪಕರು.

“ಬೆರೆಸಾಕೆ ಅದೇನು ಮಜ್ಜಿಗೆನಾ ಸಾರ್?”

ಅಜಾಗರೂಕತೆಯೆಂದು ವರದಿ ಹೋದರೆ ಹಂಗಾಮಿ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹಿಂಜರಿಯಲಿಲ್ಲ: “ನಾಳೆ ನೀವೇ ಪಕ್ಕದಾಗೆ ಕೂತ್ಕಳಿ. ಒಂದೊಂದು ಟ್ಯೂಬಿಗೂ ನಿಮ್ಮದೇ ಸಹಿ ಬೀಳ್ಲಿ.”

ಮರುದಿನ ಒಂಬತ್ತರಿಂದ ಐದರವರೆಗೆ ಅಧ್ಯಾಪಕರು ಕುರ್ಚಿ ಬಿಟ್ಟೇಳಲಿಲ್ಲ. ಹನ್ನೊಂದಕ್ಕೆ ಕರೆಂಟ್ ಹೋಯಿತು. ಗುರುಶಾಂತಮ್ಮ ಸ್ಟೌ ಹಚ್ಚಿ, ಬ್ಯಾಕ್ಟೀರಿಯದ ಪಾತ್ರೆ ಇಟ್ಟಿದ್ದ ನೀರಿನ ತೊಟ್ಟಿಗೆ ಬಿಸಿನೀರು ಬೆರೆಸುತ್ತ, ಥರ್ಮಾಮೀಟರನ್ನು ಅರವತ್ತರಿಂದ ಇಳಿಯಗೊಡಲಿಲ್ಲ.

ಶುಕ್ರವಾರ ಕಾಗದ ಒಣಗಿತು. ಒಂಬತ್ತರ ಹನಿಯಲ್ಲಿ ಎರಡೂ ಚುಕ್ಕೆ ಕಡುಕಂದು. ಮಧ್ಯಾಹ್ನ ಒಂದು ಗಂಟೆಯದರಲ್ಲಿ ಎರಡೂ ಮಸುಕು. ಐದರದರಲ್ಲಿ ಎರಡೂ ಇಲ್ಲ.

“ಒಟ್ಟಿಗೇ ತಿಂದಿವೆ!” ಎಂದು ಓಂಕಾರಮೂರ್ತಿ ಕೂಗಿದ್ದು ಪಕ್ಕದ ತರಗತಿಗೂ ಕೇಳಿತಂತೆ.

“ಅನ್ನ ಮುಗಿದ್ಮೇಲೇ ಪಾಯಸ ಅನ್ನೋ ಶಾಸ್ತ್ರ ನಮ್ಮ ಆಲೆಮನೇವಕ್ಕೆ ಯಾರು ಹೇಳ್ಕೊಟ್ಟಿದ್ರು ಸಾರ್?”

ಅಧ್ಯಾಪಕರು ನಗುತ್ತಲೇ ಪೆನ್ನು ತೆಗೆದರು. ಆ ದಾಖಲೆ ಪುಸ್ತಕದ ಪುಟವನ್ನು ನಾನು ನೋಡಿ ಪ್ರತಿ ಮಾಡಿಕೊಂಡಿದ್ದೇನೆ: ‘೧೧ ಮಾರ್ಚ್ ೧೯೮೩. ಎರಡು ಸಕ್ಕರೆಗಳೂ ಏಕಕಾಲದಲ್ಲಿ ಬಳಕೆ. ಪ್ರಯೋಗ ಮಾಡಿದವರು: ಗುರುಶಾಂತಮ್ಮ. ಸಾಕ್ಷಿ: ಓಂಕಾರಮೂರ್ತಿ.’