ಉಸಿರಿಗೆ ಜಾಗವಿಲ್ಲದ ಹಾಡು

ಹಾಡುವವರೆಲ್ಲ ಅವರನ್ನು ರಿಪೇರಿ ಮಾಮ ಎಂದೇ ಕರೆಯುತ್ತಿದ್ದರು. ಫ್ಯಾನು, ಮಿಕ್ಸಿ ಮಾರುವ ಅಂಗಡಿಯ ಹಿಂದಿನ ಕೋಣೆಯೇ ಅವರ ಸ್ಟುಡಿಯೋ. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಕಿಟಕಿಗೆ ಕಂಬಳಿ ಬಡಿದು, ಬೀದಿಯ ಗದ್ದಲವನ್ನು ಹೊರಗೇ ನಿಲ್ಲಿಸಿದ್ದರು. ಮೇಜಿನ ಮೇಲೆ ಊಟದ ತಟ್ಟೆಗಿಂತ ತುಸು ದೊಡ್ಡದಾದ ರೆಕಾರ್ಡರ್. ಅದರಲ್ಲಿ ದನಿಗೊಂದು, ಗಿಟಾರಿಗೊಂದು ಎಂದು ಬೇರೆ ಬೇರೆ ಟ್ರ್ಯಾಕು. ಒಂದನ್ನು ಕತ್ತರಿಸಿದರೆ ಪಕ್ಕದ್ದಕ್ಕೆ ಏನೂ ಆಗದು. ಇಲ್ಲಿಯ ಸಾಲನ್ನು ನಕಲು ಮಾಡಿ ಅಲ್ಲಿ ಅಂಟಿಸಬಹುದು. ಶ್ರುತಿ ತಪ್ಪಿದವರೂ ಆ ಕೋಣೆಯಿಂದ ಎದೆಯುಬ್ಬಿಸಿಕೊಂಡೇ ಹೊರಬರುತ್ತಿದ್ದರು. ಇವರ ಕೈಗೆ ಸಿಕ್ಕರೆ ಕಾಗೆಗೂ ಕಛೇರಿ ಸಿಗುತ್ತದೆ ಎಂದು ಅಲ್ಲಿಗೆ ಗಿಟಾರ್ ನುಡಿಸಲು ಬರುವವನೊಬ್ಬ ನಗುತ್ತಿದ್ದ.

ಮಾಮನ ಅಕ್ಕ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುತ್ತಿದ್ದರು. ಪಾತ್ರೆ ತೊಳೆಯುವಾಗಲೂ ಬಟ್ಟೆ ಹಿಂಡುವಾಗಲೂ ಅವರ ಬಾಯಲ್ಲಿ ಹಾಡು. ಆಸ್ಪತ್ರೆಯಲ್ಲಿ ಯಾರದೇ ಬೀಳ್ಕೊಡುಗೆಯಿರಲಿ, ಕೊನೆಯಲ್ಲಿ ಅವರು ಹಾಡಲೇಬೇಕು. ತಾಯಿ ಹೋದ ಮೇಲೆ ತಮ್ಮನನ್ನು ಮಲಗಿಸಿದ್ದೂ ಆ ದನಿಯೇ. ತಾಯಿಯ ಜೋಗುಳವನ್ನು ಅಕ್ಕನಿಂದ ಹಾಡಿಸಿ ಇಟ್ಟುಕೊಳ್ಳಬೇಕೆಂಬುದು ಮಾಮನ ಬಹುದಿನದ ಆಸೆ.

ಒಂದು ರಜೆಯ ದಿನ ಅಕ್ಕ ಬಂದು, ವಾದ್ಯ ಯಾವುದೂ ಬೇಡವೆಂದು ಹೇಳಿ, ಕಣ್ಣು ಮುಚ್ಚಿ ಹಾಡಿದರು. ಕೊನೆಯ ಸಲ ಪಲ್ಲವಿಗೆ ಬರುವ ಹೊತ್ತಿಗೆ ದನಿ ದಣಿದಿತ್ತು. ಮೇಲಿನ ಸ್ವರ ತುಸು ಕೆಳಗೇ ಉಳಿಯಿತು. ಸರಿಯಾಯಿತೇ ಎಂದು ಕೇಳಿದಾಗ, ಸ್ವಲ್ಪ ಧೂಳು ಒರೆಸುತ್ತೇನೆ ಅಷ್ಟೇ ಎಂದರು ಮಾಮ.

ಅಕ್ಕ ಹೊರಟ ಮೇಲೆ ಮೊದಲ ಪಲ್ಲವಿಯನ್ನು ನಕಲು ಮಾಡಿ ಕೊನೆಯದರ ಜಾಗಕ್ಕೆ ಅಂಟಿಸಿದರು. ಮೇಲಿನ ಸ್ವರಕ್ಕೆ ಏರುವ ಮುನ್ನ ಅಕ್ಕ ಎಳೆದುಕೊಂಡ ಉಸಿರು ಮೈಕಿನಲ್ಲಿ ಗಾಳಿ ಬೀಸಿದಂತೆ ಕೇಳುತ್ತಿತ್ತು. ಅದನ್ನೂ ಎಲ್ಲ ಕಡೆ ಕತ್ತರಿಸಿ ಹಿಂದುಮುಂದಿನ ದನಿಯನ್ನು ಕೂಡಿಸಿದರು. ರೆಕಾರ್ಡರಿನ ಮೆಮೊರಿ ಕಾರ್ಡಿನಲ್ಲಿ ಜಾಗ ಸಾಲದ್ದರಿಂದ, ಹಾಡು ಮುಗಿದೊಡನೆ ಬೇಡದ ತುಂಡುಗಳನ್ನೆಲ್ಲ ಅಳಿಸುವುದು ಅವರ ರೂಢಿ. ಅಂದೂ ಅಳಿಸಿದರು.

ಹಾಡು ಕೇಳಿ ಅಕ್ಕ ಬೆರಗಾದರು. ಅವರ ಮಕ್ಕಳು ಅದನ್ನು ಕೇಳದೆ ಮಲಗುತ್ತಿರಲಿಲ್ಲ. ಅಕ್ಕ ಅದರ ಜೊತೆಗೇ ಹಾಡಿ ನೋಡತೊಡಗಿದರು. ಪಲ್ಲವಿಯ ಏರಿನಲ್ಲಿ ಪ್ರತಿ ಸಲವೂ ಉಸಿರು ಕಟ್ಟುತ್ತಿತ್ತು. ಅಂದು ಬಂದದ್ದು ಇಂದು ಬಾರದೆಂದರೆ ದನಿಯೇ ಹೋಯಿತೆಂದುಕೊಂಡರು. ಮಾಮನ ಎದುರಿಗೇ ಒಮ್ಮೆ ಹಾಗೆಂದು ನಕ್ಕರು. ನಿಜ ಹೇಳಲು ಮಾಮನಿಗೆ ಬಾಯಿ ಬರಲಿಲ್ಲ. ಹೇಳಿದರೆ ಅಕ್ಕನ ಸಂತೋಷವೂ ಹೋಗುತ್ತದೆಂದು ಸುಮ್ಮನಾದರು. ವರ್ಷಗಳು ಕಳೆದಂತೆ ಅಡುಗೆಮನೆಯ ಹಾಡೂ ನಿಂತಿತು. ಹಿರಿಯ ಡಾಕ್ಟರ ಬೀಳ್ಕೊಡುಗೆಗೆ ಎಷ್ಟು ಬೇಡಿಕೊಂಡರೂ ಅಕ್ಕ ಹಾಡಲು ಒಪ್ಪಲಿಲ್ಲ ಎಂದು ತಿಳಿದ ಮೇಲೆ ಮಾಮನಿಗೆ ತಡೆಯಲಾಗಲಿಲ್ಲ. ಅಕ್ಕನನ್ನು ಕೋಣೆಗೆ ಕರೆತಂದು ಎಲ್ಲವನ್ನೂ ಹೇಳಿದರು.

ಅಕ್ಕ ನಂಬಲಿಲ್ಲ. "ನನಗೆ ವಯಸ್ಸಾಯ್ತು ಕಣೋ. ಸಮಾಧಾನ ಮಾಡೋಕೆ ಕಥೆ ಕಟ್ಟಬೇಡ."

ಮಾಮ ಮೊದಲ ಪಲ್ಲವಿಯನ್ನು ಒಂದು ಟ್ರ್ಯಾಕಿಗೂ ಕೊನೆಯದನ್ನು ಇನ್ನೊಂದಕ್ಕೂ ಹಾಕಿ, ಎರಡನ್ನೂ ಒಟ್ಟಿಗೆ ಬಿಟ್ಟರು. ಎರಡು ಪಲ್ಲವಿಗಳು ಒಂದೇ ದನಿಯಾಗಿ ಹೊರಟವು. ಎಲ್ಲಿಯೂ ಒಂದನ್ನೊಂದು ಮೀರಲಿಲ್ಲ, ಹಿಂದುಳಿಯಲಿಲ್ಲ. ಅಕ್ಕ ಇನ್ನೊಮ್ಮೆ ಹಾಕಿಸಿ ಕೇಳಿದರು. ಯಾರೂ ಒಂದು ಸಾಲನ್ನು ಹಾಗೆ ಎರಡು ಸಲ ಹಾಡಲಾರರೆಂದು ಹಾಡುವ ಅವರಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

"ಹಾಗಾದ್ರೆ ನಾನು ಉಸಿರು ತಗೊಂಡೇ ಹಾಡಿದ್ದೆ."

"ಹೂಂ ಅಕ್ಕ."

"ಇಷ್ಟು ವರ್ಷ ನಾನು ಉಸಿರು ಕಟ್ಕೊಂಡು ಒದ್ದಾಡ್ತಿದ್ದೆ, ನೀನು ನೋಡ್ತಾ ಕೂತಿದ್ದೆ."

ಮಾಮ ರೆಕಾರ್ಡರ್ ನಿಲ್ಲಿಸಿದರು. ಅಕ್ಕನ ದನಿ ಮೆತ್ತಗಾಯಿತು. "ಹೋಗ್ಲಿ ಬಿಡು. ನಾನು ಹಾಡಿದ್ದು ಎಲ್ಲಿದೆಯೋ ಅದನ್ನ ಹಾಕು. ಹೆಂಗಿದ್ದೆ ಅಂತ ಕೇಳ್ತೀನಿ."

ಅಳಿಸಿಬಿಟ್ಟೆ ಎಂದರು ಮಾಮ. ಈಗ ಮತ್ತೆ ಹಾಡು, ಏನನ್ನೂ ಮುಟ್ಟುವುದಿಲ್ಲ ಎಂದು ಮೈಕನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು.

"ಆಗಿನ ದನಿ ಅದು. ಈಗ ಎಲ್ಲಿಂದ ತರಲಿ? ಮಕ್ಕಳಿಗೆ ಮಾತ್ರ ಹೇಳಬೇಡ. ಅದನ್ನೇ ಕೇಳ್ತಾ ಬೆಳೆದಿದ್ದಾರೆ."

ಚಪ್ಪಲಿ ಮೆಟ್ಟಿಕೊಂಡು, ಕುಕ್ಕರ್ ಇಡಬೇಕೆಂದು ಹೊರಟುಹೋದರು.

ಈಗಲೂ ಮಾಮ ಅದೇ ಕೋಣೆಯಲ್ಲಿದ್ದಾರೆ. ಯಾರಾದರೂ ಹಾಡಿನಿಂದ ಉಸಿರಿನ ಸದ್ದು ತೆಗೆಯಿರಿ ಎಂದರೆ ಕಿವಿ ಕೇಳಿಸದವರಂತೆ ಇರುತ್ತಾರೆ. ಕೆಲವರು ಮುನಿಸಿಕೊಂಡು ಬೇರೆ ಕಡೆ ಹೋದದ್ದೂ ಉಂಟು. ಭಾನುವಾರ ಅಕ್ಕನ ಮನೆಗೆ ಹೋದಾಗ ಅಕ್ಕ ಅವರ ಇಷ್ಟದ ಅಡುಗೆ ಮಾಡುತ್ತಾರೆ, ತಟ್ಟೆ ಮುಂದಿಟ್ಟು ಇನ್ನಷ್ಟು ಬಡಿಸುತ್ತಾರೆ. ಊಟವಾದ ಮೇಲೂ ಮಾಮ ಏಳುವುದಿಲ್ಲ. ಒಳಗೆ ಅಕ್ಕ ಪಾತ್ರೆ ತೊಳೆದು ಮುಗಿಸುವವರೆಗೆ, ಟಿ.ವಿ.ಯ ಸದ್ದು ತಗ್ಗಿಸಿ, ಅಡುಗೆಮನೆಯ ಕಡೆ ಕಿವಿಗೊಟ್ಟು ಕೂತಿರುತ್ತಾರೆ.